ಹಾಜರಿಶಾಸ್ತ್ರಕ್ಕೂ ನಾಲ್ಕು ಕ್ರೆಡಿಟ್ ಕೊಡಿ

ಬೆಳಗಾವಿಯ ಮಚ್ಛೆಯಲ್ಲಿ ಕೂತು ಇಡೀ ರಾಜ್ಯದ ಎಂಜಿನಿಯರುಗಳನ್ನು ಅಳೆದು ತೂಗುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಹುಟ್ಟಿದ್ದು 1998ರಲ್ಲಿ. ಆಮೇಲೆ ಎಷ್ಟೋ ಸ್ಕೀಮುಗಳು ಬಂದವು, ಹೋದವು. ಹುಡುಗರು ನಿಜಕ್ಕೂ ಮನಸ್ಸಿಟ್ಟು ಕಲಿಯುವ ವಿಷಯವೊಂದು ಮಾತ್ರ ಇನ್ನೂ ಸಿಲೆಬಸ್ಸಿಗೆ ಸೇರಿಲ್ಲ. ಅದು ಹಾಜರಿಶಾಸ್ತ್ರ. ನಾಲ್ಕು ಕ್ರೆಡಿಟ್ಟಿಗೆ ಅದು ಸರ್ವಥಾ ಯೋಗ್ಯ.

ಅದರ ಗಣಿತವನ್ನೇ ನೋಡಿ. ಪ್ರತಿ ವಿಷಯದಲ್ಲೂ 85 ಪರ್ಸೆಂಟ್ ಹಾಜರಿ ಬೇಕು. 40 ತರಗತಿ ನಡೆದರೆ 34 ಕೂರಬೇಕು, ಆರು ತಪ್ಪಿಸಬಹುದು. ಆರೇನು ಕಡಿಮೆಯೇ ಎಂದು ಮೊದಲ ತಿಂಗಳಲ್ಲೇ ಖರ್ಚು ಮಾಡಿದವನಿಗೆ ಆಮೇಲೆ ಗೊತ್ತಾಗುತ್ತದೆ: ಒಂದು ಗೈರಿನ ಗಾಯ ಮಾಯಲು ಆರು ತರಗತಿ ಕೂರಬೇಕು. ಅರ್ಧ ಸೆಮಿಸ್ಟರಿಗೆ 20ರಲ್ಲಿ 13 ಕೂತವನು 65ರಲ್ಲಿದ್ದಾನೆ. 85 ಮುಟ್ಟಲು ಅವನು ಮುಂದಿನ 27 ತರಗತಿಗಳಲ್ಲಿ ಒಂದನ್ನೂ ಬಿಡಬಾರದು. ಉಳಿದಿರುವುದೇ 20. ಗಣಪತಿ ಬಂದರೂ, ಖಾನಾಪುರದ ಬಸ್ಸು ಬಾರದಿದ್ದರೂ ಅಷ್ಟನ್ನೂ ಕೂತನೆಂದೇ ಇಟ್ಟುಕೊಳ್ಳಿ, 82.5ಕ್ಕೆ ನಿಲ್ಲುತ್ತಾನೆ. ಈ ಲೆಕ್ಕವನ್ನೆಲ್ಲ ಕ್ಯಾಂಟೀನಿನಲ್ಲಿ ಅರ್ಧ ಕಪ್ ಚಹಾ ಮುಗಿಯುವುದರೊಳಗೆ ಬಾಯಲ್ಲೇ ಬಿಡಿಸುವ ಮಹಾಶಯನಿಗೆ ಮೊದಲ ಸೆಮಿಸ್ಟರಿನ ಗಣಿತ ಇನ್ನೂ ಬ್ಯಾಕ್‌ಲಾಗ್.

85 ಮುಟ್ಟದವರಿಗೆ ದಯೆಯ ಬಾಗಿಲೊಂದಿದೆ. ಪ್ರಾಂಶುಪಾಲರು ಶಿಫಾರಸು ಮಾಡಿದರೆ ಕುಲಪತಿಗಳು ಹತ್ತು ಪರ್ಸೆಂಟಿನವರೆಗೆ ಮನ್ನಿಸಬಹುದು. ಅಂದರೆ 40ಕ್ಕೆ 30 ಇದ್ದರೂ ನಡೆದೀತು, ಕಾರಣ ಗಟ್ಟಿಯಾಗಿರಬೇಕು ಅಷ್ಟೆ. ಆದ್ದರಿಂದ ಸೆಮಿಸ್ಟರಿನ ಕೊನೆಗೆ ನೋಟಿಸ್ ಬೋರ್ಡಿನಲ್ಲಿ ಶಾರ್ಟೇಜ್ ಲಿಸ್ಟ್ ಬಿದ್ದ ಮಧ್ಯಾಹ್ನವೇ ಹಾಸ್ಟೆಲ್ಲಿಗೆ ಹಳೇ ತಾರೀಖಿನ ಟೈಫಾಯ್ಡ್ ಬಡಿಯುತ್ತದೆ. ಸರ್ಟಿಫಿಕೇಟಿನ ಮೇಲೆ ಡಾಕ್ಟರ ನೋಂದಣಿ ಸಂಖ್ಯೆ ಇರಬೇಕು, ಸೀಲು ಅರ್ಧ ಸಹಿಯ ಮೇಲೆ ಕೂರಬೇಕು, ಗುಣವಾದದ್ದಕ್ಕೆ ಫಿಟ್‌ನೆಸ್ ಬೇರೆ. ಇವೆಲ್ಲ ಯಾರೂ ತಪ್ಪುವುದಿಲ್ಲ. ಎಡವುವುದು ತಾರೀಖಿನಲ್ಲಿ. 9ರಿಂದ 18ರವರೆಗೆ ಹಾಸಿಗೆ ಹಿಡಿದವನು 12ರಂದು ಇಂಟರ್ನಲ್ (ಕಾಲೇಜೇ ನಡೆಸುವ ಟೆಸ್ಟು) ಬರೆದು 25ಕ್ಕೆ 19 ತೆಗೆದಿರುತ್ತಾನೆ. 14ರಂದು ಪಕ್ಕದ ಕಾಲೇಜಿನ ಫೆಸ್ಟಿನಲ್ಲಿ ಕುಣಿದದ್ದಕ್ಕೆ ‘ಆನ್ ಡ್ಯೂಟಿ’ ಹಾಜರಿಯ ಪತ್ರ ತಂದಿರುತ್ತಾನೆ. ಎರಡಕ್ಕೂ ಸೇರಿಸಿ ಒಂದೇ ಪಿನ್ನು.

"ಏನಪಾ, ಟೈಫಾಯ್ಡ್ ಒಳಗ ಡ್ಯಾನ್ಸ್ ಮಾಡಿ ಫಸ್ಟ್ ಪ್ರೈಜ್ ಹೊಡದಿ?" ಅಂತಾರೆ ಆಫೀಸಿನವರು.

"ಅದು ಗ್ರೂಪ್ ಡ್ಯಾನ್ಸ್ ಇತ್ರಿ ಸರ. ನಾ ಹಿಂದ ನಿಂತಿದ್ನಿ."

ಊರಿನ ಇನ್ನೊಂದು ಮಗ್ಗುಲಲ್ಲಿ 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧವಿದೆ. ಅಲ್ಲಿಯ ಹಾಜರಿ ನಿಯಮ ಸಂವಿಧಾನದ 190(4)ನೇ ವಿಧಿಯಲ್ಲಿದೆ: ಸದನದ ಅನುಮತಿ ಇಲ್ಲದೆ 60 ದಿನ ಎಲ್ಲ ಸಭೆಗಳಿಗೂ ಗೈರಾದರೆ ಸ್ಥಾನ ತೆರವೆಂದು ಸದನ ಘೋಷಿಸಬಹುದು. ಸದನವನ್ನು ಸತತ ನಾಲ್ಕು ದಿನಕ್ಕಿಂತ ಹೆಚ್ಚು ಮುಂದೂಡಿದರೆ ಆ ಅವಧಿ ಲೆಕ್ಕಕ್ಕಿಲ್ಲ. ಬೆಳಗಾವಿಯ ಚಳಿಗಾಲದ ಅಧಿವೇಶನ ಅಷ್ಟು ದಿನ ನಡೆಯುವುದೇ ಇಲ್ಲ. ಪೂರ್ತಿ ಚಕ್ಕರ್ ಹೊಡೆದರೂ ಶಾಸಕರ ಹೆಸರು ಶಾರ್ಟೇಜ್ ಲಿಸ್ಟಿನ ಹತ್ತಿರ ಸುಳಿಯದು. ಟೈಫಾಯ್ಡಿನ ಖರ್ಚೂ ಉಳಿಯಿತು.

ಇಂಟರ್ನಲ್ಸ್ ವಿಷಯ ಬೇಗ ಮುಗಿಯುತ್ತದೆ. 50ಕ್ಕೆ 20 ಬಾರದವನು ಪರೀಕ್ಷೆಗೆ ಕೂರುವಂತಿಲ್ಲ. ಹಾಗಾಗಿ 19 ಎಂಬ ಸಂಖ್ಯೆ ಬಹುತೇಕ ಕಾಲೇಜುಗಳಲ್ಲಿ ನಶಿಸಿಹೋಗಿದೆ. ಹದಿನೇಳಿದ್ದದ್ದು ಪೋರ್ಟಲ್ಲಿಗೆ ಏರಿಸುವ ಕೊನೆಯ ದಿನ ಅಸೈನ್‌ಮೆಂಟಿನ ಕೈಹಿಡಿದು 20ಕ್ಕೆ ನಡೆದು ಬರುತ್ತದೆ. ಆ ಅಸೈನ್‌ಮೆಂಟನ್ನು ತರಗತಿಯಲ್ಲಿ ಒಬ್ಬಳು ಬರೆದಿರುತ್ತಾಳೆ. ಮಿಕ್ಕವರು ಎಷ್ಟು ಶ್ರದ್ಧೆಯಿಂದ ನಕಲು ಮಾಡುತ್ತಾರೆಂದರೆ ಇಬ್ಬರು ಮೂವರು ಅವಳ ಯುಎಸ್‌ಎನ್ನನ್ನೂ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ) ಇಳಿಸಿರುತ್ತಾರೆ. ಇದರ ನಡುವೆ ನಾಲ್ಕು ವರ್ಷದಲ್ಲಿ 100 ಆಕ್ಟಿವಿಟಿ ಪಾಯಿಂಟ್ ಗಳಿಸಬೇಕು, ಇಲ್ಲವಾದರೆ ಪದವಿ ಇಲ್ಲ. ಒಂದು ಬೇವಿನ ಸಸಿಗೆ ಹದಿನಾಲ್ಕು ಕೈ ತಾಗಿಸಿ ಫೋಟೋ ತೆಗೆದರೆ ಸಮಾಜಸೇವೆ.

ಇನ್ನು ಪರೀಕ್ಷೆ. ಪ್ರತಿ ವಿಷಯಕ್ಕೆ ಐದು ಮಾಡ್ಯೂಲ್. ಒಂದೊಂದರಿಂದ ಎರಡು ಪ್ರಶ್ನೆ, ಒಂದಕ್ಕೆ ಉತ್ತರಿಸಿದರೆ ಸಾಕು, ಅಂಕ 20. ಪಾಸಾಗಲು 100ಕ್ಕೆ 35. ಎರಡು ಮಾಡ್ಯೂಲನ್ನು ಬಾಯಿಪಾಠ ಮಾಡಿದರೆ 40ರವರೆಗೆ ದಾರಿ ಇದೆ, ಮೂರನ್ನು ಮುಟ್ಟಬೇಕಾಗಿಯೇ ಇಲ್ಲ. ಮುಂದೆ ಯಾವುದಾದರೂ ಸೇತುವೆ ದಾಟುವಾಗ, ಕಟ್ಟಿದವರು ಓದಿದ್ದ ಎರಡು ಯಾವುವೆಂದು ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಆದರೆ ಈ ಜಾಣತನಕ್ಕೂ ಮೇಲೊಬ್ಬ ಜಾಣನಿದ್ದಾನೆ. 100ರ ಅಂಕವನ್ನು 50ಕ್ಕೆ ಇಳಿಸುತ್ತಾರೆ. 35 ಇದ್ದದ್ದು ಹದಿನೇಳೂವರೆ, ಅದನ್ನು 18 ಮಾಡುತ್ತಾರೆ. ಪರೀಕ್ಷೆ ಪಾಸು. ಇಂಟರ್ನಲ್ಸಿನಲ್ಲಿ 20, ಅದೂ ಪಾಸು. ಕೂಡಿಸಿದರೆ 38. ಒಟ್ಟು ಅಂಕ 40 ಇರಲೇಬೇಕು. ಹಾಗಾಗಿ ಫೇಲು. ಬೈಲಹೊಂಗಲದಿಂದ ಮುಂಜಾನೆಯ ಬಸ್ಸು ಹಿಡಿದು ಬಂದ ತಂದೆಗೆ ಇದನ್ನು ಕೌಂಟರಿನಲ್ಲಿ ಬಿಡಿಸಿ ಹೇಳುವುದಿದೆಯಲ್ಲ, ಹಾಜರಿಶಾಸ್ತ್ರದ ವೈವಾ ಅಂದರೆ ಅದೇ.

"ಇದರಾಗ ಪಾಸ್ ಅಂತೀರಿ, ಅದರಾಗೂ ಪಾಸ್ ಅಂತೀರಿ. ಮತ್ತ ಹುಡುಗ ಫೇಲ್ ಹೆಂಗಾದಾ ಸಾಹೇಬ್ರ?"

"ಎರಡೂ ಕೂಡಿಸಿದ್ದಕ್ಕ ಫೇಲ್ ಆಗ್ಯಾನ್ರೀ ಯಜಮಾನ್ರ. ರಿವ್ಯಾಲ್ಯುಯೇಷನ್‌ಗೆ ಹಾಕ್ರಿ. ಕಡೇ ದಿನ ನಾಳೆ ಐತಿ, ಸರ್ವರ್ ಇವತ್ತ ಬಂದ್ ಐತಿ."