ಬಾನ್ ಮಿ ಸಸ್ಯಾಹಾರಿಗಳಿಗೂ ಇದೆ

ವಿಯೆಟ್ನಾಮಿನ ಹೊ ಚಿ ಮಿನ್ ನಗರದ ಬಾನ್ ಮಿ, ಅಂದರೆ ಒಳಗೆ ಹೂರಣ ತುಂಬಿದ ಉದ್ದನೆಯ ಬ್ರೆಡ್ಡಿನ ಸ್ಯಾಂಡ್‌ವಿಚ್, ಮಾಂಸಾಹಾರಿಗಳಿಗೆ ಮಾತ್ರ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿರುವುದು ಸರಿಯಲ್ಲ. ‘ಬಾನ್ ಮಿ ಚಾಯ್’ ಎಂದು ಕೇಳಿದರೆ ಮಾಂಸವಿಲ್ಲದ್ದನ್ನೇ ಕೊಡುತ್ತಾರೆ. ಅಲ್ಲಿನ ಅನೇಕ ಬೌದ್ಧರು ಚಾಂದ್ರಮಾನ ತಿಂಗಳ 1 ಮತ್ತು 15ನೆಯ ದಿನ ಮಾಂಸ ಮುಟ್ಟುವುದಿಲ್ಲ. ಆ ದಿನಗಳಲ್ಲಂತೂ ಹುಡುಕುವ ಕಷ್ಟವೂ ಇಲ್ಲ.

ನಾನು ತಿಂದದ್ದು ರಸ್ತೆಬದಿಯ ಗಾಡಿಯಲ್ಲಿ. ಗಾಡಿಯ ಅಜ್ಜಿ ಬ್ರೆಡ್ಡನ್ನು ಕೆಂಡದ ಮೇಲೆ ಗರಿಗರಿಯಾಗಿಸಿ, ಉದ್ದಕ್ಕೆ ಸೀಳಿ, ಹುರಿದ ತೋಫು (ಸೋಯಾ ಹಾಲಿನ ಪನೀರ್), ವಿನೆಗರ್ ಮತ್ತು ಸಕ್ಕರೆಯಲ್ಲಿ ನೆನೆದ ಕ್ಯಾರೆಟ್, ಮೂಲಂಗಿಯ ಎಳೆಗಳು, ಸೌತೆಕಾಯಿ, ದಂಟಿನ ಸಮೇತ ಕೊತ್ತಂಬರಿ ತುಂಬಿದರು. ಎಂಥ ರುಚಿ! ಫ್ರೆಂಚರು ತಂದ ಬ್ರೆಡ್ಡಿಗೆ ಇಷ್ಟು ಹಸಿರು ತುಂಬಿದವರು ವಿಯೆಟ್ನಾಮಿನವರೇ. ಮೀನಿನ ಸಾಸ್ ಬೇಡವೆಂದು ಮೊದಲೇ ಹೇಳಿ. ಹಸಿಮೆಣಸಿನಕಾಯಿಯನ್ನು ಮಾತ್ರ ಬಿಡಬೇಡಿ.