ಸತ್ತ ಮೇಲೆ ಓದುವ ಸಾಲು

ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯದ ಆಟಗಳಲ್ಲಿ, ಆಟಗಾರನ ಪಾತ್ರದ ವಿವರ ಬರೆದಿಡುವ ಹಾಳೆಯಲ್ಲಿ ಉಳಿದೆಲ್ಲ ಸಾಲುಗಳೂ ಬದುಕಿರುವವನಿಗಾಗಿ ಬರೆದವು. ಇಷ್ಟು ಬಲ, ಇಷ್ಟು ಚುರುಕು, ಇಂಥ ಕತ್ತಿ, ಬೆನ್ನಚೀಲದಲ್ಲಿ ಐವತ್ತು ಅಡಿ ಹಗ್ಗ. ಇವುಗಳ ಕೆಳಗೆಲ್ಲೋ ಸಣ್ಣ ಅಕ್ಷರಗಳಲ್ಲಿ ‘ನೀನು ಸತ್ತಾಗ’ ಎಂದು ಆರಂಭವಾಗುವ ಒಂದು ಸಾಲು ಇದ್ದರೆ, ಆಟಗಾರನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ನಾನು ಗೇಮ್ ಮಾಸ್ಟರ್ ಆಗಿ ಮೇಜಿನ ಒಂದು ತುದಿಯಲ್ಲಿ ಕೂರತೊಡಗಿ ಹಲವು ವರ್ಷಗಳಾದವು. ಈ ಅವಧಿಯಲ್ಲಿ ನಾನು ಬರೆದ, ಹೊಡೆದುಹಾಕಿದ, ಮತ್ತೆ ಬರೆದ ನಿಯಮಗಳಲ್ಲಿ ನನ್ನನ್ನು ಅತ್ಯಂತ ಸತಾಯಿಸಿದವು ಈ ಜಾತಿಯ ಸಾಲುಗಳೇ. ಪಾತ್ರವು ಸತ್ತ ಕ್ಷಣದಲ್ಲಿ, ಸತ್ತ ಕಾರಣಕ್ಕೇ, ಎಚ್ಚರಗೊಳ್ಳುವ ಶಕ್ತಿ ಎಂದರೆ ಕೇಳುವುದಕ್ಕೆ ಸೊಗಸಾಗಿದೆ. ಬರೆಯಲು ಕುಳಿತರೆ ಮಾತ್ರ ಜೀವವಿಮೆಯ ಕರಾರುಪತ್ರವನ್ನು ಬರೆದಂತಾಗುತ್ತದೆ.

ಈ ಆಟಗಳನ್ನು ಆಡದವರಿಗಾಗಿ ಎರಡು ಮಾತು ಹೇಳಬೇಕು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಪ್ರಕಟವಾದಾಗ ಈ ಬಗೆಯ ಆಟಗಳಿಗೆ ದಾರಿ ತೆರೆಯಿತು. ಮೇಜಿನ ಸುತ್ತ ನಾಲ್ಕೈದು ಜನ, ಒಬ್ಬೊಬ್ಬರಿಗೂ ಒಂದೊಂದು ಪಾತ್ರ, ಲೋಕವನ್ನೂ ಶತ್ರುಗಳನ್ನೂ ನಡೆಸಲು ಒಬ್ಬ ಗೇಮ್ ಮಾಸ್ಟರ್, ಸಂದೇಹ ಬಂದಲ್ಲೆಲ್ಲ ತೀರ್ಪು ಕೊಡಲು ದಾಳಗಳು. ಚದುರಂಗದಲ್ಲಿ ಕುದುರೆ ಸತ್ತರೆ ಯಾರೂ ಮರುಗುವುದಿಲ್ಲ. ಇಲ್ಲಿ ಕುದುರೆಗೆ ಹೆಸರಿದೆ, ತಾಯಿಯಿದ್ದಾಳೆ, ತೀರಿಸದ ಸಾಲವಿದೆ, ಮತ್ತು ಅದನ್ನು ಎರಡು ವರ್ಷ ವಾರವಾರವೂ ಬಂದು ಸಾಕಿದ ಮನುಷ್ಯ ಎದುರಿಗೇ ಕುಳಿತಿದ್ದಾನೆ. ಆದ್ದರಿಂದ ಈ ಆಟಗಳಲ್ಲಿ ಸಾವಿನ ಬಗ್ಗೆ ನಿಯಮ ಬರೆಯುವವನು ಕಾಗದದ ಮೇಲಿನ ಅಂಕಿಗಳ ಜೊತೆಗೆ ಆ ಮನುಷ್ಯನ ಮುಖವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಮೊದಲ ತೊಡಕು ವ್ಯಾಕರಣದ್ದು. ‘ಸತ್ತಾಗ’ ಎಂದರೆ ಯಾವಾಗ? 2014ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೆಯ ಆವೃತ್ತಿಯಲ್ಲಿ ಹಿಟ್ ಪಾಯಿಂಟ್, ಎಂದರೆ ಏಟು ಬಿದ್ದಂತೆ ಕಳೆಯುತ್ತಾ ಹೋಗುವ ಪ್ರಾಣದ ಅಂಕ, ಸೊನ್ನೆಗೆ ಇಳಿದ ಮಾತ್ರಕ್ಕೆ ಪಾತ್ರವು ಸಾಯುವುದಿಲ್ಲ, ಎಚ್ಚರ ತಪ್ಪಿ ಬೀಳುತ್ತದೆ. ಆಮೇಲೆ ತನ್ನ ಸರದಿ ಬಂದಾಗಲೆಲ್ಲ ಅದು ಇಪ್ಪತ್ತು ಮುಖದ ದಾಳವನ್ನು ಉರುಳಿಸಬೇಕು. 10 ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಒಂದು ಗೆಲುವು, ಕಡಿಮೆ ಬಿದ್ದರೆ ಒಂದು ಸೋಲು, ಮೂರು ಗೆಲುವಿಗೆ ಪ್ರಾಣ ನಿಲ್ಲುತ್ತದೆ, ಮೂರು ಸೋಲಿಗೆ ಹೋಗುತ್ತದೆ. 1 ಬಿದ್ದರೆ ಎರಡು ಸೋಲು. 20 ಬಿದ್ದರೆ ಒಂದು ಹಿಟ್ ಪಾಯಿಂಟಿನೊಡನೆ ಎದ್ದು ಕೂರಬಹುದು. 20 ಮುಖಗಳಲ್ಲಿ 11 ಮುಖಗಳು ಬದುಕಿನ ಕಡೆಗಿವೆ ಎಂಬುದು ಈ ನಿಯಮ ಬರೆದವರ ಮೆಲುದನಿಯ ಕರುಣೆ ಎಂದು ನಾನು ಭಾವಿಸುತ್ತೇನೆ. ಆದರೆ ನನ್ನ ಸಾಲು ಇದರಲ್ಲಿ ಯಾವ ಗಳಿಗೆಗೆ ಎಚ್ಚರಗೊಳ್ಳಬೇಕು? ನೆಲಕ್ಕೆ ಬಿದ್ದಾಗಲೋ, ಮೂರನೆಯ ಸೋಲಿಗೋ? ಬಿದ್ದಾಗ ಎಂದರೆ, ಇಂಥ ಆಟದಲ್ಲಿ ಪಾತ್ರಗಳು ಒಂದೇ ಕಾಳಗದಲ್ಲಿ ಎರಡು ಸಲ ಬಿದ್ದು ಎರಡು ಸಲ ಏಳುವುದುಂಟು, ಶಕ್ತಿಯು ಕೆಮ್ಮಿನಂತೆ ಪದೇಪದೇ ಬರುತ್ತದೆ. ಮೂರನೆಯ ಸೋಲಿಗೆ ಎಂದರೆ, ಅಷ್ಟು ಹೊತ್ತಿಗೆ ಕಾಳಗವು ಬೇರೆ ಕೋಣೆಗೆ ಸರಿದಿರುತ್ತದೆ. ಕೊನೆಯುಸಿರಿನ ಮಹಾಜ್ವಾಲೆಗೆ ಸಿಕ್ಕುವುದು ಒಂದು ಕುರ್ಚಿ ಮಾತ್ರ.

ನಾನು ಒಮ್ಮೆ ‘ನಿನ್ನನ್ನು ಕೊಂದವನಿಗೆ ಶಾಪ ತಟ್ಟುತ್ತದೆ’ ಎಂದು ಬಹಳ ಗಾಂಭೀರ್ಯದಿಂದ ಬರೆದುಕೊಟ್ಟಿದ್ದೆ. ಆ ಪಾತ್ರವು ಕೋಟೆಯ ಮೆಟ್ಟಿಲಿನಿಂದ ಜಾರಿ ಬಿದ್ದು ಸತ್ತಿತು. ಆಟಗಾರ ನನ್ನ ಮುಖ ನೋಡಿದ, ನಾನು ನಿಯಮವನ್ನು ನೋಡಿದೆ, ಕಡೆಗೆ ಮೆಟ್ಟಿಲಿಗೇ ಶಾಪ ತಟ್ಟಿತು. ಆ ಕೋಟೆಗೆ ಆಮೇಲೆ ಎಷ್ಟು ಸಲ ಹೋದರೂ ತಂಡದವರು ಆ ಮೆಟ್ಟಿಲನ್ನು ದಾಟಿ ಕಾಲಿಡುತ್ತಿದ್ದರು.

ರಾಕ್ಷಸರಿಗೆ ಈ ಕಷ್ಟವಿಲ್ಲ. ಸಾವಿನಿಂದ ಸಿಡಿಯುವ ಶಕ್ತಿಯು ಆಟಗಾರರ ಪಾತ್ರಗಳಿಗಿಂತ ರಾಕ್ಷಸರಿಗೇ ಹೆಚ್ಚು ಒಗ್ಗುತ್ತದೆ. ಅದೇ ಐದನೆಯ ಆವೃತ್ತಿಯ ಬೇಲರ್ ಎಂಬ ಮಹಾರಾಕ್ಷಸ ಸತ್ತಾಗ ಸ್ಫೋಟಿಸುತ್ತಾನೆ. ಸುತ್ತಲಿನ 30 ಅಡಿಯೊಳಗಿದ್ದವರು ಚುರುಕಾಗಿ ತಪ್ಪಿಸಿಕೊಳ್ಳದಿದ್ದರೆ ಆರು ಮುಖದ 20 ದಾಳಗಳಷ್ಟು, ಎಂದರೆ ಸರಾಸರಿ 70 ಅಂಕಗಳಷ್ಟು, ಬೆಂಕಿಯನ್ನು ಮೈಮೇಲೆ ಹಾಕಿಕೊಳ್ಳುತ್ತಾರೆ. ಗೆದ್ದೆವೆಂದು ಕೇಕೆ ಹಾಕುತ್ತಿದ್ದವರ ಮುಖ ಆ ಕ್ಷಣದಲ್ಲಿ ಹೇಗಾಗುತ್ತದೆ ಎಂಬುದನ್ನು ನೋಡಲೆಂದೇ ಗೇಮ್ ಮಾಸ್ಟರ್ ಆಗುವವರೂ ಇದ್ದಾರೆ, ನಾನೂ ಅವರಲ್ಲೊಬ್ಬ. ಮೆಫಿಟ್ ಎಂಬ ಪುಟ್ಟ ಪೀಡೆಗಳು ಕೂಡ ಸಾಯುತ್ತಲೇ ಧೂಳೋ ಕೆಸರೋ ಆಗಿ ಹತ್ತಿರದವರ ಮೇಲೆ ಸಿಡಿಯುತ್ತವೆ. ಇವೆಲ್ಲ ಚೆನ್ನಾಗಿ ನಡೆಯುವುದಕ್ಕೆ ಕಾರಣ ಸರಳವಾಗಿದೆ: ರಾಕ್ಷಸನ ಆಯುಷ್ಯವೇ ಅರ್ಧ ಗಂಟೆ, ಮತ್ತು ಅವನು ಸಾಯಲೆಂದೇ ಹುಟ್ಟಿದವನು. ಆಟಗಾರನ ಪಾತ್ರ ಹಾಗಲ್ಲ. ಅದರ ಹಾಳೆಯ ಮೇಲಿನ ಆ ಸಾಲು ಎರಡು ವರ್ಷ ಸುಮ್ಮನೆ ಕುಳಿತಿರುತ್ತದೆ. ಅದರ ಬದಲಿಗೆ ಬಾಗಿಲು ತೆರೆಯುವ ಮಂತ್ರವೊಂದನ್ನು ಆರಿಸಿಕೊಂಡಿದ್ದರೆ ಅಷ್ಟರಲ್ಲಿ ನೂರು ಬಾಗಿಲು ತೆರೆಯಬಹುದಿತ್ತು. ಹೀಗಾಗಿ ಇಂಥ ಶಕ್ತಿಯನ್ನು ಬೇರೆ ಶಕ್ತಿಗಳ ಜೊತೆ ಒಂದೇ ತಕ್ಕಡಿಯಲ್ಲಿಟ್ಟು ಆಯ್ಕೆಗೆ ಬಿಡುವುದೇ ತಪ್ಪೆಂದು ಈಗ ನನಗೆ ಖಾತ್ರಿಯಾಗಿದೆ. ಅದನ್ನು ಪುಕ್ಕಟೆಯಾಗಿ ಕೊಡಬೇಕು.

ಆದರೆ ಪುಕ್ಕಟೆಯಾಗಿ ಕೊಟ್ಟದ್ದು ಬಲವಾಗಿರಬಾರದು ಎಂಬುದನ್ನು ನಾನು ದುಬಾರಿಯಾಗಿ ಕಲಿತೆ. ಒಬ್ಬ ಮಾಂತ್ರಿಕನ ಪಾತ್ರಕ್ಕೆ, ಅವನು ಸತ್ತಾಗ 20 ಅಡಿಯೊಳಗಿನ ಶತ್ರುಗಳನ್ನೆಲ್ಲ ಸುಡುವ ಶಕ್ತಿಯನ್ನು ಕರುಣಿಸಿದ್ದೆ. ಮೊದಲ ಸಲ ಅವನು ನಿಜವಾಗಿಯೂ ಸೋತು ಸತ್ತ; ಮೇಜೆಲ್ಲ ಸ್ತಬ್ಧವಾಯಿತು, ಒಬ್ಬರು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ತಂಡದ ಕ್ಲೆರಿಕ್‌ಗೆ, ಎಂದರೆ ದೈವಬಲದಿಂದ ಗಾಯ ಮಾಯಿಸುವ ಪುರೋಹಿತನಿಗೆ, ನೆನಪಾಯಿತು: ಸತ್ತು ಒಂದು ನಿಮಿಷ ಕಳೆದಿರದಿದ್ದರೆ, 300 ಚಿನ್ನದ ನಾಣ್ಯಗಳ ಬೆಲೆಯ ವಜ್ರವನ್ನು ವ್ಯಯಿಸಿ ಪ್ರಾಣ ಮರಳಿಸುವ ಮಂತ್ರ ಆ ಆಟದಲ್ಲಿದೆ. ಮಾಂತ್ರಿಕ ಎದ್ದು ಕುಳಿತ. ಅಲ್ಲಿಂದ ಲೆಕ್ಕಾಚಾರ ಆರಂಭವಾಯಿತು. ಎರಡನೆಯ ಸಲ ಅವನು ರಕ್ಷಾಕವಚದ ಮಂತ್ರಗಳನ್ನೆಲ್ಲ ಮರೆತವನಂತೆ ಶತ್ರುಗಳ ನಡುವೆ ಹೋಗಿ ನಿಂತ. ಮೂರನೆಯ ಸಲ ಗೆಳೆಯರೇ ಅವನನ್ನು ಮಹಡಿಯಿಂದ ಕೆಳಗಿನ ಅಂಗಳಕ್ಕೆ ತಳ್ಳಿದರು, ಅವನೂ ನಗುತ್ತಲೇ ಬಿದ್ದ. ಸಾವು ಖರ್ಚಿನ ಬಾಬತ್ತಾಗಿತ್ತು, ವಜ್ರವೊಂದಕ್ಕೆ ಎಷ್ಟು ಶತ್ರುಗಳು ಎಂಬ ದರವೂ ಗೊತ್ತಾಗಿತ್ತು. ನಾನು ಗಾಬರಿಯಾಗಿ ‘ಜನ್ಮಕ್ಕೆ ಒಮ್ಮೆ ಮಾತ್ರ’ ಎಂದು ತಿದ್ದಿದೆ. ಪ್ರಾಣ ಮರಳಿದ್ದು ಹೊಸ ಜನ್ಮವೇ ಅಲ್ಲವೇ ಎಂದು ಆ ಆಟಗಾರ ಬಲು ವಿನಯದಿಂದ ಕೇಳಿದ. ಆ ಸಂಜೆಯ ಉಳಿದ ಭಾಗವು ಆತ್ಮದ ನಿತ್ಯತ್ವದ ಚರ್ಚೆಯಲ್ಲಿ ಕಳೆಯಿತು. ಕೋಟೆಯ ಶತ್ರುಗಳು ನಮಗಾಗಿ ಕಾದು ಕಾದು ಮಲಗಿರಬೇಕು.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿಯೂ ಎಡವಿದ್ದೇನೆ. ಸಾಯುವಾಗ ಶತ್ರುವಿನ ಮುಂದಿನ ದಾಳದಲ್ಲಿ 2 ಅಂಕ ಕಡಿಮೆಯಾಗುತ್ತದೆ ಎಂದು ಇನ್ನೊಬ್ಬರಿಗೆ ಬರೆದುಕೊಟ್ಟೆ. ಎರಡು ವರ್ಷದ ಬಾಳು, ಕೊನೆಗೆ ಎರಡು ಅಂಕ. ಅದರ ಬಗ್ಗೆ ಹೆಚ್ಚು ಹೇಳದಿರುವುದೇ ಮೇಲು.

ಈ ವಿಷಯದಲ್ಲಿ ನಾನು ಮತ್ತೆ ಮತ್ತೆ ನೆನೆಯುವುದು ಮಹಾಭಾರತದ ಘಟೋತ್ಕಚನನ್ನು. ಕರ್ಣನ ಶಕ್ತ್ಯಾಯುಧ ಎದೆಗೆ ನೆಟ್ಟು ಸಾಯುವ ಗಳಿಗೆಯಲ್ಲಿ ಅವನು ತನ್ನ ಮೈಯನ್ನು ಬೆಟ್ಟದಂತೆ ಬೆಳೆಸಿ, ಕೌರವಸೇನೆಯ ಮೇಲೆಯೇ ಉರುಳಿ, ಒಂದು ಅಕ್ಷೌಹಿಣಿಯನ್ನು ಅಪ್ಪಚ್ಚಿ ಮಾಡಿದ. ನಿಯಮ ಬರೆಯುವವನ ಕಣ್ಣಿನಿಂದ ನೋಡಿದರೆ ಇದರಲ್ಲಿ ಬೇಲರ್‌ನ ಸ್ಫೋಟಕ್ಕಿಲ್ಲದ ಒಂದು ಗುಣವಿದೆ. ಬೇಲರ್ ಸುಮ್ಮನೆ ಸಿಡಿಯುತ್ತಾನೆ. ಘಟೋತ್ಕಚನು ಎತ್ತ ಬೀಳಬೇಕೆಂಬುದನ್ನು ಆರಿಸಿಕೊಳ್ಳಬೇಕು. ಇತ್ತ ಬಿದ್ದರೆ ಸತ್ತೂ ಗೆದ್ದ, ಅತ್ತ ಬಿದ್ದರೆ ಅಪ್ಪನ ಸೈನ್ಯವೇ ನುಚ್ಚುನೂರು. ಸಾಯುತ್ತಿರುವವನಿಗೆ ಇನ್ನೂ ಒಂದು ನಿರ್ಧಾರ ಉಳಿದಿದೆ ಎಂಬುದೇ ಆ ಪ್ರಸಂಗದ ರುಚಿ. ಇನ್ನೂ ಸ್ವಾರಸ್ಯವೆಂದರೆ, ಆ ಸಾವಿನ ದೊಡ್ಡ ಫಲ ಆ ಅಕ್ಷೌಹಿಣಿ ಅಲ್ಲವೇ ಅಲ್ಲ. ಒಂದೇ ಸಲ ಪ್ರಯೋಗಿಸಬಹುದಾದ, ಅರ್ಜುನನಿಗೆಂದು ಕರ್ಣನು ಬಚ್ಚಿಟ್ಟುಕೊಂಡಿದ್ದ ಆಯುಧವು ಅಲ್ಲಿ ಖರ್ಚಾಗಿಹೋಯಿತು. ಕೃಷ್ಣನು ಸಂತೋಷಪಟ್ಟದ್ದು ಅದಕ್ಕೆ. ಅಂಥ ಫಲವನ್ನು ಯಾವ ಹಾಳೆಯ ಮೇಲೂ ಮೊದಲೇ ಬರೆದಿಡಲು ಬರುವುದಿಲ್ಲ, ನಿಯಮ ಬರೆಯುವವನಿಗೆ ಅದು ಹೊಟ್ಟೆಕಿಚ್ಚಿನ ಸಂಗತಿ.

ಇತರ ಆಟಗಳು ಸಾವನ್ನು ನಿಭಾಯಿಸುವ ಬಗೆ ಬೇರೆಯಾಗಿದೆ. 1984ರ ‘ಪ್ಯಾರನೋಯ’ದಲ್ಲಿ ಪ್ರತಿ ಪಾತ್ರಕ್ಕೂ ಆರು ತದ್ರೂಪಿಗಳಿದ್ದವು, ಆದ್ದರಿಂದ ಸಾವು ನಗೆಹನಿಯಾಗಿತ್ತು, ಅದು ಬೇರೆಯೇ ಕಥೆ. ‘ಡಂಜನ್ ವರ್ಲ್ಡ್’ನಲ್ಲಿ ಸಾಯುವವನು ಎರಡು ದಾಳ ಉರುಳಿಸುತ್ತಾನೆ, 10ಕ್ಕೆ ಕಡಿಮೆಯಿಲ್ಲದಿದ್ದರೆ ಪಾರಾಗುತ್ತಾನೆ, 7ರಿಂದ 9 ಬಿದ್ದರೆ ಮೃತ್ಯುವೇ ಎದುರು ಬಂದು ಒಂದು ಚೌಕಾಸಿಯನ್ನು ಮುಂದಿಡುತ್ತದೆ. 2020ರಲ್ಲಿ ಬಂದ ‘ಹಾರ್ಟ್’ ಎಂಬ ಆಟ ನನ್ನ ತಿಳಿವಳಿಕೆಯನ್ನೇ ತಲೆಕೆಳಗು ಮಾಡಿತು. ಅದರಲ್ಲಿ ಪ್ರತಿ ವರ್ಗದ ಪಾತ್ರಕ್ಕೂ ಜೆನಿತ್ ಎಂಬ ಹೆಸರಿನ ಪರಮಶಕ್ತಿಗಳಿವೆ; ಅವನ್ನು ಬಳಸಿದವನು ಅಸಾಧ್ಯವಾದದ್ದನ್ನು ಸಾಧಿಸುತ್ತಾನೆ, ಮತ್ತು ಸಾಮಾನ್ಯವಾಗಿ ಅಲ್ಲಿಗೇ ಅವನ ಕಥೆ ಮುಗಿಯುತ್ತದೆ. 2025ರ ‘ಡ್ಯಾಗರ್‌ಹಾರ್ಟ್’ನಲ್ಲಿಯೂ, ಸಾಯುವ ಗಳಿಗೆ ಬಂದ ಪಾತ್ರವು ತಪ್ಪದೆ ಭರ್ಜರಿಯಾಗಿ ಫಲಿಸುವ ಒಂದು ಕೊನೆಯ ಕೆಲಸವನ್ನು ಮಾಡಿ ಕಣ್ಣುಮುಚ್ಚುವ ಆಯ್ಕೆಯನ್ನು ತೆಗೆದುಕೊಳ್ಳಬಹುದು. ನಾನು ಅಷ್ಟು ಕಾಲ ಸಾವನ್ನು ಬಂದೂಕಿನ ಕುದುರೆಯೆಂದು ತಿಳಿದು ನಿಯಮ ಬರೆಯುತ್ತಿದ್ದೆ, ಸಾವು ಎಳೆದರೆ ಶಕ್ತಿ ಹಾರುತ್ತದೆ ಎಂದು. ಈ ಆಟಗಳು ಸಾವನ್ನು ಬೆಲೆಯಾಗಿಸಿದ್ದವು. ಬೆಲೆಯಾದಾಗ ಅದನ್ನು ಕೊಡುವವನೇ ಕೈಯೆತ್ತಿ ಕೊಡುತ್ತಾನೆ, ಮೆಟ್ಟಿಲಿನಿಂದ ಜಾರಿ ಬಿದ್ದಾಗ ಕಿಸೆಯಿಂದ ಉದುರುವುದಿಲ್ಲ.

ಹಾಗಿದ್ದೂ ನನಗೆ ಆ ಹಳೆಯ ಸಾಲಿನ ಮೇಲಿನ ವ್ಯಾಮೋಹ ಹೋಗಿಲ್ಲ. ಕೈಯಾರೆ ಆರಿಸಿಕೊಂಡ ಸಾವು ಭವ್ಯವೇ ಸರಿ; ಆದರೆ ಹೆಚ್ಚಿನ ಪಾತ್ರಗಳು ಹಾಗೆ ಸಾಯುವುದಿಲ್ಲ, ಮೂರನೆಯ ದಾಳಕ್ಕೆ 4 ಬಿದ್ದು ಸಾಯುತ್ತವೆ. ಅವುಗಳಿಗೂ ಏನಾದರೂ ಬೇಕು. ಹೀಗೆ ಯೋಚಿಸುತ್ತಾ ನನಗೆ ಹೊಳೆದದ್ದು ಇಷ್ಟು: ಸತ್ತ ಪಾತ್ರಕ್ಕೆ ಏನೂ ಬೇಕಾಗಿರುವುದಿಲ್ಲ, ಬೇಕಾಗಿರುವುದು ಆ ಆಟಗಾರನಿಗೆ. ಉಳಿದವರೆಲ್ಲ ಕಾಳಗ ಮುಂದುವರಿಸುವಾಗ ಅವನು ಮುಂದಿನ ಎರಡು ಗಂಟೆ ದಾಳಗಳನ್ನು ಒಂದರ ಮೇಲೊಂದು ಪೇರಿಸಿ ಬೀಳಿಸುತ್ತಾ ಕೂರುತ್ತಾನೆ. 70 ಅಂಕದ ಬೆಂಕಿ ಒಂದು ಕ್ಷಣದಲ್ಲಿ ಮುಗಿದುಹೋಗುತ್ತದೆ, ಆ ಎರಡು ಗಂಟೆ ಮುಗಿಯುವುದಿಲ್ಲ.

ಅಂದಿನಿಂದ ನಾನು ಬರೆಯುವ ಶಕ್ತಿಗಳು ಸಣ್ಣವು, ನಿಧಾನದವು. ದಾರಿ ತೋರುವ ಬೇಟೆಗಾರ್ತಿಯೊಬ್ಬಳಿಗೆ, ಅವಳು ಸತ್ತ ಮೇಲೆ ಆ ಸೆಷನ್ ಮುಗಿಯುವವರೆಗೂ ದಾರಿಯ ಪ್ರತಿ ಕವಲಿನಲ್ಲಿ ಗಾಳಿ ಎತ್ತ ಬೀಸುತ್ತಿದೆ ಎಂದು ಹೇಳುವ ಹಕ್ಕನ್ನು ಕೊಟ್ಟೆ. ಗಾಳಿಯನ್ನು ನಂಬುವುದು ಬಿಡುವುದು ಬದುಕಿದವರಿಗೆ ಬಿಟ್ಟದ್ದು. ಸಿಪಾಯಿಯೊಬ್ಬನಿಗೆ, ಅವನ ಗುರಾಣಿಯನ್ನು ಯಾರು ಎತ್ತಿಕೊಳ್ಳಬೇಕೆಂದು ಹೆಸರಿಸುವ ಹಕ್ಕು. ಬೀಗ ತೆಗೆಯುವುದರಲ್ಲಿ ನಿಪುಣನಾಗಿದ್ದ ಒಬ್ಬ ಕಳ್ಳನಿಗೆ ಬರೆದ ಸಾಲು ಹೀಗಿತ್ತು: ‘ನೀನು ಸತ್ತ ಮೇಲೆ ತಂಡದವರು ಒಂದೇ ಒಂದು ಸಲ ನಿನಗೊಂದು ಪ್ರಶ್ನೆ ಕೇಳಬಹುದು, ನೀನು ನಿಜವನ್ನೇ ಹೇಳಬೇಕು.’ ನನ್ನ ಉದ್ದೇಶ ಬೀಗಗಳ ಬಗ್ಗೆಯಿತ್ತು. ಎಂದಾದರೂ ಅವರು ಅವನಿಲ್ಲದೆ ಒಂದು ಬಾಗಿಲಿನ ಮುಂದೆ ನಿಂತಾಗ, ಅವನ ದನಿ ಕಿವಿಯಲ್ಲಿ ಕೇಳಿಸಲಿ ಎಂದು.

ಅವನು ಸತ್ತದ್ದು ನೆಲಮಾಳಿಗೆಯೊಂದರಲ್ಲಿ, ವಿಷ ಹಚ್ಚಿದ ಮುಳ್ಳು ಚುಚ್ಚಿ. ಎದುರಿಗೆ ಮೂರು ಬಾಗಿಲುಗಳಿದ್ದವು, ಅವುಗಳಲ್ಲಿ ಎರಡರ ಹಿಂದೆ ಏನಿತ್ತೆಂಬುದು ಅವನಿಗೆ ಗೊತ್ತಿತ್ತು. ನಾನು ಆ ಕ್ಷಣಕ್ಕಾಗಿ ಹದಿನಾಲ್ಕು ತಿಂಗಳು ಕಾದಿದ್ದೆ. ಉಳಿದ ನಾಲ್ವರೂ ತಲೆಗೆ ತಲೆ ಸೇರಿಸಿ ಬಹಳ ಹೊತ್ತು ಪಿಸುಗುಟ್ಟಿಕೊಂಡರು. ಆಮೇಲೆ ಅವರಲ್ಲಿ ಹಿರಿಯಳು ಗಂಟಲು ಸರಿಮಾಡಿಕೊಂಡು, ಮೊಟ್ಟಮೊದಲ ಸೆಷನ್‌ನಲ್ಲಿ ತಮ್ಮೆಲ್ಲರ ಹಂಚಿಕೆಯ ಚೀಲದಿಂದ ಕಾಣೆಯಾದ ಹನ್ನೆರಡು ನಾಣ್ಯಗಳನ್ನು ತೆಗೆದವನು ನೀನೇ ತಾನೇ ಎಂದು ಕೇಳಿದಳು. ಪೇರಿಸಿದ ದಾಳಗಳ ಗೋಪುರದಿಂದ ತಲೆಯೆತ್ತಿದ ಆಟಗಾರ ಹೌದು ಎಂದ. ಹನ್ನೆರಡಲ್ಲ, ಹದಿನೈದು ಎಂದೂ ಸೇರಿಸಿದ. ಆಮೇಲೆ ಅವರು ಮಧ್ಯದ ಬಾಗಿಲನ್ನು ತೆರೆದರು, ಅದು ತೆರೆಯಬಾರದ ಬಾಗಿಲಾಗಿತ್ತು, ಇನ್ನಿಬ್ಬರು ಸತ್ತರು. ಓಡುತ್ತಿದ್ದ ಉಳಿದಿಬ್ಬರು ಮೂರು ನಾಣ್ಯಗಳ ವ್ಯತ್ಯಾಸದ ಬಗ್ಗೆ ಇನ್ನೂ ವಾದಿಸುತ್ತಲೇ ಇದ್ದರು.