ಬರ್ಲಿನ್ ಪಕ್ಕದ ಅಗ್ಗದ ಮನೆ: ಆ ಮೆಸೇಜ್ ಅರ್ಧ ಮಾತ್ರ ಸರಿ

ಜರ್ಮನಿಗೆ ಮಕ್ಕಳನ್ನು ಕಳಿಸುವ ದಾವಣಗೆರೆಯ ಪೋಷಕರ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ‘ಬರ್ಲಿನ್ ಬೇಡ, ಪಕ್ಕದ ಬರ್ನಾವ್‌ನಲ್ಲಿ ಮನೆ ಮಾಡಿ. ಬಾಡಿಗೆ ಕಮ್ಮಿ, ಬರ್ಲಿನ್ ಪಾಸೇ ನಡೆಯುತ್ತೆ.’

ಬಾಡಿಗೆ ಸಾಮಾನ್ಯವಾಗಿ ಕಮ್ಮಿಯೇ. ಪಾಸ್ ವಿಷಯ ಮಾತ್ರ ತಪ್ಪು. ಬರ್ಲಿನ್‌ನ ಎ-ಬಿ ವಲಯದ ಬಸ್-ರೈಲು ಪಾಸ್ ನಗರದ ಗಡಿಗೇ ಮುಗಿಯುತ್ತದೆ. ಬರ್ನಾವ್ ಇರುವುದು ಸಿ ವಲಯದಲ್ಲಿ. ಹರಿಹರದವರೆಗಿನ ಪಾಸ್ ಹಿಡಿದು ರಾಣೆಬೆನ್ನೂರಿಗೆ ಹೋದ ಹಾಗೆ. ಇಡೀ ಜರ್ಮನಿಯ ಸ್ಥಳೀಯ ಬಸ್-ರೈಲುಗಳಲ್ಲಿ ನಡೆಯುವ ಡಾಯ್ಚ್‌ಲಾಂಡ್ ಟಿಕೆಟ್ ಇದ್ದರೆ ಚಿಂತೆಯಿಲ್ಲ, ಅದು 2026ರಿಂದ ತಿಂಗಳಿಗೆ 63 ಯೂರೊ.

ಜಾಹೀರಾತಿನಲ್ಲಿ ಎದ್ದು ಕಾಣುವ ಬಾಡಿಗೆಯಲ್ಲಿ ಹೀಟಿಂಗ್ ಖರ್ಚು ಹೆಚ್ಚಾಗಿ ಸೇರಿರುವುದಿಲ್ಲ. ಒಟ್ಟು ಎಷ್ಟು ಅಂತ ಕೇಳಿ. ಅಡ್ವಾನ್ಸ್ ಮೂರು ತಿಂಗಳ ಮೂಲ ಬಾಡಿಗೆ ಮೀರುವ ಹಾಗಿಲ್ಲ (ಬೆಂಗಳೂರಲ್ಲಿ ಹತ್ತು ತಿಂಗಳದ್ದು ಕೊಟ್ಟವರಿಗೆ ಇದು ಖುಷಿ ಸುದ್ದಿ, ಅಲ್ವಾ?). ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮಾಲೀಕರ ಪತ್ರ ಬೇಕು. ಪತ್ರ ಕೊಡಲ್ಲ ಅನ್ನುವವರ ಮನೆ ಎಷ್ಟೇ ಅಗ್ಗವಿದ್ದರೂ ಬೇಡ.